ಮಾಡ್‌ಬಸ್ ಸಂಹಿತೆ: ಕಾಲ, ಪಾಠ, ಮತಭೇದ

ಕರ್ತೃವಿಚಾರದಿಂದ ಆರಂಭಿಸುವುದು ವಿದ್ವತ್ ಸಂಪ್ರದಾಯ. ಕಂಟ್ರೋಲ್ ರೂಮಿನಿಂದ ಟ್ಯಾಂಕಿನ ನೆತ್ತಿಯವರೆಗೆ ಜಗತ್ತಿನ ಕಾರ್ಖಾನೆಗಳಲ್ಲಿ ಹಗಲೂ ರಾತ್ರಿ ಪಾರಾಯಣವಾಗುತ್ತಿರುವ ಮಾಡ್‌ಬಸ್ ಸಂಹಿತೆಯ ವಿಷಯದಲ್ಲಿ ಈ ಕೆಲಸ ಬಹಳ ಸುಲಭ. ಕಾರ್ಖಾನೆಯ ಯಂತ್ರಗಳನ್ನು ನಡೆಸುವ ತನ್ನ ಪಿಎಲ್‌ಸಿಗಳು ತಂತಿಯ ಮೇಲೆ ಮಾತಾಡಲೆಂದು ಅಮೆರಿಕದ ಮಾಡಿಕಾನ್ ಕಂಪನಿ 1979ರಲ್ಲಿ ಇದನ್ನು ರಚಿಸಿತು. ಕಾಲ ನಿರ್ವಿವಾದ, ಹುಟ್ಟೂರಿಗಾಗಿ ಎರಡು ಜಿಲ್ಲೆಗಳು ಕಿತ್ತಾಡುವ ಪ್ರಮೇಯವೂ ಇಲ್ಲ. ಎಲ್ಲವೂ ಇಷ್ಟು ಸಲೀಸಾದರೆ ಸಂಶೋಧಕನ ಹೊಟ್ಟೆಪಾಡೇನು? ಪುಣ್ಯಕ್ಕೆ, ಕಾಲನಿರ್ಣಯ ಮುಗಿದಲ್ಲಿಂದಲೇ ಗೊಂದಲ ಶುರುವಾಗುತ್ತದೆ.

ಮೂಲಪಾಠದ ಪ್ರಕಾರ ಒಂದು ತಂತಿಗೆ ಒಬ್ಬನೇ ಮಾಸ್ಟರ್, ಉಳಿದವರೆಲ್ಲ ಸ್ಲೇವ್. ಅವರ ವಿಳಾಸ 1ರಿಂದ 247ರವರೆಗೆ. ಕೇಳದೆ ಬಾಯಿ ಬಿಡುವಂತಿಲ್ಲ. ಸೊನ್ನೆ ವಿಳಾಸಕ್ಕೆ ಹೊರಟ ಆಜ್ಞೆ ಎಲ್ಲರಿಗೂ ಅನ್ವಯ, ಮರುಮಾತಾಡುವ ಹಕ್ಕು ಯಾರಿಗೂ ಇಲ್ಲ. ಟ್ಯಾಂಕು ತುಂಬಿ ಚೆಲ್ಲುತ್ತಿದ್ದರೂ ಲೆವೆಲ್ ಟ್ರಾನ್ಸ್‌ಮಿಟರ್ ತನ್ನ ಸರದಿ ಬರುವತನಕ ಸುಮ್ಮನಿರಬೇಕು. 2020ರ ಜುಲೈಯಲ್ಲಿ ಮಾಡ್‌ಬಸ್ ಆರ್ಗನೈಸೇಷನ್ ಮಾಸ್ಟರ್, ಸ್ಲೇವ್ ಪದಗಳನ್ನು ಕೈಬಿಟ್ಟು ಕ್ಲೈಂಟ್, ಸರ್ವರ್ ಎಂಬ ಪಾಠವನ್ನು ಅಂಗೀಕರಿಸಿತು. ಎಂದೋ ಆಗಬೇಕಿದ್ದ ಕೆಲಸ, ತಕರಾರಿಲ್ಲ. ಪರಿಣಾಮವನ್ನಷ್ಟೇ ಗಮನಿಸಿ: ಕೇಳುವವನು ಕ್ಲೈಂಟ್, ಮಾಹಿತಿ ಇಟ್ಟುಕೊಂಡವನು ಸರ್ವರ್. ಆದ್ದರಿಂದ ಏಸಿ ರೂಮಿನ ಯಜಮಾನ ರಾತ್ರೋರಾತ್ರಿ ಗಿರಾಕಿಯಾದ. ಮಳೆಯಲ್ಲಿ ನೆನೆಯುತ್ತ ಟ್ಯಾಂಕಿನ ಮೇಲೆ ಕೂತಿದ್ದ ಟ್ರಾನ್ಸ್‌ಮಿಟರಿಗೆ ಸರ್ವರ್ ಪದವಿ ಬಂತು. ಪದವಿ ಮಾತ್ರ ಬಂತು. ತಂತಿಯ ಮೇಲೆ ಹೋಗುವ ಒಂದು ಬೈಟೂ ಬದಲಾಗಲಿಲ್ಲ. ಕೇಳದೆ ಮಾತಾಡುವಂತಿಲ್ಲ ಎಂಬ ಸೂತ್ರ ಹಾಗೇ ಇದೆ.

ಇದ್ದುದರಲ್ಲಿ ಈ ಸರ್ವರ್‌ಗಿರುವ ಸ್ವಾತಂತ್ರ್ಯವೆಂದರೆ ಎಕ್ಸೆಪ್ಷನ್ ಕೋಡು. 2 ಎಂದರೆ, ನೀನು ಕೇಳಿದ ವಿಳಾಸ ನನ್ನಲ್ಲಿಲ್ಲ. 6 ಎಂದರೆ, ಈಗ ಪುರಸೊತ್ತಿಲ್ಲ, ಆಮೇಲೆ ಬಾ. ಇವೆರಡರ ನಡುವಿನ 5 ವಿಶೇಷ ಅಧ್ಯಯನಕ್ಕೆ ಯೋಗ್ಯ: ನಿನ್ನ ಅರ್ಜಿ ಮುಟ್ಟಿದೆ, ಕೆಲಸ ನಡೆಯುತ್ತಿದೆ, ತಡವಾಗುತ್ತದೆ. ಅರ್ಜಿ ಮುಟ್ಟಿತೆಂದು ಹೇಳುವುದನ್ನೂ ಅಪವಾದಗಳ ಪಟ್ಟಿಗೆ ಸೇರಿಸಿದ ಕರ್ತೃವಿಗೆ ತಾಲ್ಲೂಕು ಕಚೇರಿಗಳ ಆಳವಾದ ಪರಿಚಯವಿತ್ತೆಂದು ಊಹಿಸಲು ಅಡ್ಡಿಯಿಲ್ಲ.

ಇನ್ನು ಪಾಠಾಂತರ. ಹೋಲ್ಡಿಂಗ್ ರಿಜಿಸ್ಟರುಗಳ ಎಣಿಕೆ 40001ರಿಂದ ಎಂಬುದು ಹಿರಿಯರ ವಾಕ್ಯ. ಆದರೆ ತಂತಿಯ ಮೇಲೆ 40001 ಎಂದರೆ ಸೊನ್ನೆ. ಮೊದಲಿಗಿರುವ 4 ಕೇವಲ ಗೋತ್ರಸೂಚಕ, ಅದು ಪ್ರಯಾಣ ಮಾಡುವುದೇ ಇಲ್ಲ. 108ನೆಯ ರಿಜಿಸ್ಟರು ಬೇಕಿದ್ದರೆ 107 ಎಂದು ಕೇಳಬೇಕೆಂದು ಮೂಲಗ್ರಂಥವೇ ಉದಾಹರಣೆ ಕೊಟ್ಟು ಹೇಳಿದೆ. ಆದರೂ ಮೀಟರ್ ಕಂಪನಿಗಳ ಮ್ಯಾನ್ಯುಯಲ್‌ಗಳು (ಇವನ್ನು ನಾವು ಟೀಕುಗಳೆಂದು ಕರೆಯುತ್ತೇವೆ) ತಮ್ಮದು ಒಂದರ ಪಂಥವೋ ಸೊನ್ನೆಯ ಪಂಥವೋ ಎಂದು ತಿಳಿಸುವ ಗೋಜಿಗೆ ಹೋಗುವುದಿಲ್ಲ. ವೋಲ್ಟೇಜ್ ಓದಹೊರಟವನಿಗೆ ಪಕ್ಕದ ರಿಜಿಸ್ಟರಿನ ಆಂಪಿಯರ್ ಸಿಗುತ್ತದೆ.

ಸಂಖ್ಯೆ 32 ಬಿಟ್ಟಿನದಾದರೆ ಎರಡು ರಿಜಿಸ್ಟರುಗಳನ್ನು ಆಕ್ರಮಿಸುತ್ತದೆ. ಪೂರ್ವಾರ್ಧ ಯಾವುದು, ಉತ್ತರಾರ್ಧ ಯಾವುದು ಎಂಬಲ್ಲಿ ಗ್ರಂಥ ನುಣುಚಿಕೊಂಡಿದೆ. ತಿರುವುಮುರುವಾಗಿ ಓದಿದರೆ ಬಾಯ್ಲರಿನ ಉಷ್ಣಾಂಶ ಸೂರ್ಯನನ್ನೂ ಮೀರಿಸೀತು. ಈ ಬಗೆಯ ಪಂಥಗಳಿಗೆ ಬಿಗ್ ಎಂಡಿಯನ್, ಲಿಟ್ಲ್ ಎಂಡಿಯನ್ ಎಂದು ಹೆಸರು. ಮೊಟ್ಟೆಯನ್ನು ಯಾವ ತುದಿಯಿಂದ ಒಡೆಯಬೇಕೆಂದು ಯುದ್ಧಕ್ಕೆ ನಿಂತವರ ಕತೆಯನ್ನು ಸ್ವಿಫ್ಟ್ ಬರೆದಿದ್ದನಷ್ಟೆ. ಅಲ್ಲಿಂದ ಈ ಹೆಸರುಗಳನ್ನು ಎತ್ತಿ ಕಂಪ್ಯೂಟರ್ ಲೋಕಕ್ಕೆ ಬಿಟ್ಟವರು ಡ್ಯಾನಿ ಕೊಹೆನ್, 1980ರ ಏಪ್ರಿಲ್ 1ರಂದು. ತಾರೀಖು ನಮ್ಮ ಪ್ರಕ್ಷೇಪವಲ್ಲ.

ಸಮನ್ವಯ ಯಾರಿಂದಲೂ ಆಗಲಿಲ್ಲವೇ ಎಂದು ಪೂರ್ವಪಕ್ಷದವರು ಕೇಳಬಹುದು. ಆಯಿತಲ್ಲ! ಮಾಡ್‌ಬಸ್ಸಿನಂಥ ಕಾರ್ಖಾನೆ ಸಂಹಿತೆಗಳಿಗೆ ಫೀಲ್ಡ್‌ಬಸ್ ಎಂದು ಹೆಸರು. ಜರ್ಮನರಿಗೆ ಪ್ರೊಫಿಬಸ್ ಬೇಕು, ಫ್ರೆಂಚರಿಗೆ ಫಿಪ್ ಬೇಕು, ಇನ್ನುಳಿದವರಿಗೆ ಇನ್ನೇನೋ ಬೇಕು. ಎಲ್ಲರಿಗೂ ಸಲ್ಲುವ ಒಂದೇ ಫೀಲ್ಡ್‌ಬಸ್ ಶಾಸ್ತ್ರ ಬರೆಯಲು ಅಂತರರಾಷ್ಟ್ರೀಯ ಎಲೆಕ್ಟ್ರೋಟೆಕ್ನಿಕಲ್ ಆಯೋಗ (ಐಇಸಿ) 1980ರ ದಶಕದಲ್ಲಿ ಕೂತಿತು. 2000ದ ಹೊತ್ತಿಗೆ ಐಇಸಿ 61158 ಸಿದ್ಧವಾದಾಗ ಅದರಲ್ಲಿ ಎಂಟು ಫೀಲ್ಡ್‌ಬಸ್‌ಗಳಿದ್ದವು. ಬಹುಪಾಲು ಒಂದರ ಮಾತು ಇನ್ನೊಂದಕ್ಕೆ ತಿಳಿಯದು, ಆದರೆ ಎಂಟೂ ಶಾಸ್ತ್ರಸಮ್ಮತ. ವಾದದಲ್ಲಿ ಸೋತವರೇ ಇಲ್ಲದ ಇಂಥ ಸಭೆ ನಮ್ಮ ಪಂಡಿತರಿಗೂ ಲಭಿಸಿರಲಿಲ್ಲ.

ಕೊನೆಯದು ಅಕ್ಷರವಿಚಾರ. ಮಾಡ್‌ಬಸ್ ಹೆಚ್ಚಾಗಿ ಓಡಾಡುವ ಆರ್‌ಎಸ್-485ರ ಜೋಡಿ ತಂತಿಗಳಿಗೆ ಎ, ಬಿ ಎಂದು ಹೆಸರು. ಶಾಸ್ತ್ರದ ಪ್ರಕಾರ ತಂತಿ ಬಿಡುವಾಗಿದ್ದಾಗ ಬಿ ಪ್ಲಸ್, ಎ ಮೈನಸ್. ಚಿಪ್ ತಯಾರಿಸುವವರಲ್ಲಿ ಎಷ್ಟೋ ಮಂದಿ ಇದನ್ನು ತಲೆಕೆಳಗು ಮಾಡಿದರು. ಮಾಡ್‌ಬಸ್ ಗ್ರಂಥವು ಡಿ0, ಡಿ1 ಎಂಬ ಮತ್ತೊಂದು ಜೋಡಿಯನ್ನು ಸೇರಿಸಿ ಉಪಕರಿಸಿತು.

ಇದನ್ನೆಲ್ಲ ನಾವು ಜಂಕ್ಷನ್ ಬಾಕ್ಸಿನ ಮುಂದೆ ಕುಕ್ಕುರುಗಾಲಲ್ಲಿ ಕೂತಿದ್ದ ಇನ್‌ಸ್ಟ್ರುಮೆಂಟ್ ಟೆಕ್ನಿಷಿಯನ್‌ಗೆ ಸಾವಧಾನವಾಗಿ ವಿವರಿಸಿದೆವು. ಮೀಟರಿನ ಲೈಟು ಮಿನುಗುತ್ತಿರಲಿಲ್ಲ. ಹುಡುಗ ಬಾಯಲ್ಲಿ ಕಚ್ಚಿದ್ದ ಟಾರ್ಚು ತೆಗೆದು, "ಅದಲು ಬದಲು ಮಾಡಿ ನೋಡ್ತೀನಿ ಸಾರ್, ಸುಡೋದೇನಿಲ್ಲ" ಎಂದು ಮತ್ತೆ ಕಚ್ಚಿಕೊಂಡ. ಎರಡು ಸ್ಕ್ರೂ ಸಡಿಲಿಸಿ, ತಂತಿಗಳನ್ನು ತಿರುಗಿಸಿ ಬಿಗಿದ. ಲೈಟು ಮಿಣಮಿಣ ಎಂದಿತು. ಇದು ಯಾವ ಪಾಠವನ್ನು ಸಮರ್ಥಿಸುತ್ತದೆಂದು ಬರೆದುಕೊಳ್ಳಲು ನಾವು ಪೆನ್ನು ತೆಗೆಯುವಷ್ಟರಲ್ಲಿ ಮುಚ್ಚಳ ಹಾಕಿಯಾಗಿತ್ತು. ತಂತಿಗಳ ಹೆಸರು ಹೊತ್ತ ಫೆರೂಲುಗಳನ್ನು ಅವನು ಬದಲಿಸಲಿಲ್ಲ. ಎ ಟರ್ಮಿನಲ್‌ನಲ್ಲಿ ಬಿ ಎಂದು ಬರೆದ ತಂತಿ ಕೂತಿದೆ. ಮುಂದಿನ ಶಟ್‌ಡೌನಿನಲ್ಲಿ ಓದುಬರಹ ಬಲ್ಲ ಯಾರಾದರೂ ಅದನ್ನು ಸರಿಪಡಿಸದೆ ಬಿಡುವುದಿಲ್ಲ.