ನಮ್ಮ ಟೇಪಿನ ಅನಂತಸ್ವಾಮಿ

ನಮ್ಮ ಮನೆಯಲ್ಲಿ ರಾಜಕೀಯದ ಜಗಳ ಆದದ್ದೇ ಇಲ್ಲ. ಜಗಳವೇನಿದ್ದರೂ ಭಾವಗೀತೆಯದು. ಅಪ್ಪ ಮೈಸೂರು ಅನಂತಸ್ವಾಮಿ ಪಕ್ಷ. ಶಿವಮೊಗ್ಗದಲ್ಲಿದ್ದ ಸೋದರಮಾವ ಸಿ. ಅಶ್ವತ್ಥ್ ಪಕ್ಷ. ಅಜ್ಜ ಪಕ್ಷೇತರ: ಕಾಳಿಂಗರಾಯರ ನಂತರ ಕನ್ನಡದಲ್ಲಿ ಯಾರೂ ಹಾಡಿಯೇ ಇಲ್ಲ ಎಂದು ಕವಳ ತುಂಬಿದ ಬಾಯಲ್ಲೇ ತೀರ್ಪು ಕೊಟ್ಟು, ಉಗುಳಲು ಎದ್ದು ಹೋಗುತ್ತಿದ್ದರು.

1978ರಲ್ಲಿ ‘ನಿತ್ಯೋತ್ಸವ’ ಬಂತು. ಕನ್ನಡದ ಮೊದಲ ಭಾವಗೀತೆ ಧ್ವನಿಸುರುಳಿ; ನಿಸಾರ್ ಅಹಮದರ ಕವಿತೆ, ಅನಂತಸ್ವಾಮಿಯವರ ರಾಗ. ಅಪ್ಪ ಅದನ್ನು ಸಾಗರ ಪೇಟೆಯಿಂದ ಕೊಂಡು ತಂದರು. ಟೇಪ್ ರೆಕಾರ್ಡರ್ ಕೊಂಡದ್ದು ಎರಡು ವರ್ಷದ ಮೇಲೆ. ನಡುವಿನ ಆ ಎರಡು ವರ್ಷ ಕ್ಯಾಸೆಟ್ಟು ದೇವರ ಗೂಡಿನ ಪಕ್ಕ ಕೂತಿತ್ತು. ಹಾಡುಗಳು ಅದ್ಭುತವಾಗಿವೆ ಎಂದು ಆಗಲೇ ಅಪ್ಪ ಬಂದವರಿಗೆಲ್ಲ ಹೇಳುತ್ತಿದ್ದರು.

ಜೋಗದ ಕರೆಂಟು ನಮ್ಮೂರ ನೆತ್ತಿಯ ಮೇಲೆ ಹಾದು ಎಲ್ಲೆಲ್ಲಿಗೋ ಹೋಗುತ್ತಿತ್ತು. ಕೆಳಗೆ ಇಳಿಯುವುದು ಅದರ ಮರ್ಜಿ. ಹಾಗಾಗಿ ನಮ್ಮ ಟೇಪು ಶೆಲ್ಲಿನ ಮೇಲೆ ನಡೆಯುತ್ತಿತ್ತು. ಆರು ಶೆಲ್ಲು. ಇಳಿದ ಶೆಲ್ಲನ್ನು ಅಮ್ಮ ಹಪ್ಪಳದ ಜೊತೆ ಅಂಗಳದ ಬಿಸಿಲಿಗೆ ಇಡುತ್ತಿದ್ದಳು. ಸಂಜೆ ಹಪ್ಪಳವೂ ಶೆಲ್ಲೂ ಬೆಚ್ಚಗೆ ಒಳಗೆ ಬರುತ್ತಿದ್ದವು. ಬೆಚ್ಚಗಿನ ಶೆಲ್ಲಿಗೆ ಮತ್ತೆರಡು ಹಾಡಿನ ಜೀವ. ಅನಂತಸ್ವಾಮಿ ಶುರುವಿನಲ್ಲಿ ಸರಿಯಾಗೇ ಹಾಡುತ್ತಿದ್ದರು. ಮೂರನೇ ಹಾಡಿಗೆ ದನಿ ಭಾರವಾಗುತ್ತಿತ್ತು. ನಾಲ್ಕನೆಯದಕ್ಕೆ ಬಾವಿಯೊಳಗಿಂದ ಹಾಡಿದಂತೆ. ಅಪ್ಪ ಕಣ್ಣು ಮುಚ್ಚಿ, “ನೋಡು, ಹೇಗೆ ಮಂದ್ರಕ್ಕೆ ಇಳಿದರು! ಇದು ನಿನ್ನ ಮಾವನ ಅಶ್ವತ್ಥ್‌ಗೆ ಬರತ್ತಾ?” ಎನ್ನುತ್ತಿದ್ದರು.

ಮಾವನ ಕಥೆ ತಿರುಗಾಮುರುಗಾ. ಅವರ ಟೇಪನ್ನು ಯಾವನೋ ರಿಪೇರಿಯವನು ಬಿಚ್ಚಿ, ಮೋಟರಿನ ತಿರುಪನ್ನು ಒಂದು ಸುತ್ತು ಜಾಸ್ತಿ ತಿರುಗಿಸಿ ಕೊಟ್ಟಿದ್ದ. ಗಂಟೆಯ ಕ್ಯಾಸೆಟ್ಟು ಐವತ್ತೈದು ನಿಮಿಷಕ್ಕೇ ಮುಗಿಯುತ್ತಿತ್ತು. ಮೊದಲೇ ಅಶ್ವತ್ಥ್ ಎತ್ತರದ ಕಂಠದವರು. ಮಾವನ ಮನೆಯಲ್ಲಿ ಅವರು ಶರೀಫರ ಪದ ಹಿಡಿದರೆ ಯಾರೋ ಬೆನ್ನಟ್ಟಿದ ಹಾಗಿರುತ್ತಿತ್ತು. “ಭಾವ, ಹಾಡು ಅಂದ್ರೆ ಎದ್ದು ಕೂರಬೇಕು. ನಿಮ್ಮವರು ಮಲಗಿಸ್ತಾರೆ” ಎಂಬುದು ಮಾವನ ವಾದ. ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ. ತಂತಮ್ಮ ಮನೆಯಲ್ಲಿ ಕೇಳಿದ್ದನ್ನೇ ಹೇಳುತ್ತಿದ್ದರು.

ಒಂದು ದೀಪಾವಳಿಗೆ ಮಾವ ತಮ್ಮ ಕ್ಯಾಸೆಟ್ಟು ಹಿಡಿದೇ ಬಂದರು. ಹೋಳಿಗೆ ಊಟವಾಗಿ ಜಗಲಿಯಲ್ಲಿ ಎಲ್ಲರೂ ಕೂತ ಮೇಲೆ ನಮ್ಮ ಟೇಪಿಗೆ ಹಾಕಿದರು. ಹಬ್ಬದ ಗಡಿಬಿಡಿಯಲ್ಲಿ ಶೆಲ್ಲು ಬಿಸಿಲು ಕಂಡಿರಲಿಲ್ಲ. ಅಶ್ವತ್ಥ್ ಮೆಲ್ಲಗೆ, ಅಳಲೋ ಬೇಡವೋ ಎಂಬಂತೆ ಹಾಡತೊಡಗಿದರು. ಮಾವನ ಮುಖ ಕಪ್ಪಿಟ್ಟಿತು. “ನಿಮ್ಮನೆಗೆ ಬಂದರೆ ನಮ್ಮವರೂ ಹೀಗಾಗ್ತಾರಲ್ಲ ಭಾವ!” ಅಪ್ಪ ಮಾತ್ರ ಮೊದಲ ಸಲ ತಲೆದೂಗುತ್ತಿದ್ದರು. “ಅಡ್ಡಿಲ್ಲ ಮಾರಾಯ, ಸುಧಾರಿಸಿದಾನೆ.”

ಅಮ್ಮ ಬಾಗಿಲಲ್ಲಿ ನಿಂತು, “ಶೆಲ್ಲು ಹೋಗಿದೆ” ಎಂದಳು. ಇಬ್ಬರೂ ಕೇಳಿಸಿಕೊಳ್ಳಲಿಲ್ಲ. ಸಂಗೀತ ಗೊತ್ತಿಲ್ಲದವರ ಮಾತನ್ನು ಯಾರು ಕೇಳುತ್ತಾರೆ?

2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಅಶ್ವತ್ಥ್ ‘ಕನ್ನಡವೇ ಸತ್ಯ’ ಮಾಡಿದಾಗ ಮಾವ ರಾತ್ರಿ ಬಸ್ಸಿಗೆ ಹೋಗಿ ಕೇಳಿ ಬಂದರು. ಮೈದಾನದ ಕೊನೆಗೂ ದನಿ ಮುಟ್ಟುತ್ತಿತ್ತಂತೆ. “ನಮಗೂ ಇಲ್ಲಿಗೆ ಕೇಳ್ತು, ದನ ಬೆದರಿದವು” ಎಂದರು ಅಪ್ಪ. ಆದರೆ 1995ರಲ್ಲಿ ಅನಂತಸ್ವಾಮಿ ತೀರಿಕೊಂಡಾಗ ಮೊದಲು ಫೋನು ಮಾಡಿದ್ದು ಮಾವ. 2009ರ ಡಿಸೆಂಬರಿನಲ್ಲಿ ಅಶ್ವತ್ಥ್ ಹೋದ ಮರುದಿನ ಅಪ್ಪ ಶಿವಮೊಗ್ಗದ ಬಸ್ಸು ಹತ್ತಿದರು, ನೆಂಟರ ಮನೆಗೆ ಸೂತಕಕ್ಕೆ ಹೋದ ಹಾಗೆ.

ಇಷ್ಟಾಗಿ, ನಮ್ಮ ಜಗಲಿಯ ಜಗಳ ವಿಧಾನಸೌಧದವರೆಗೂ ಹೋದೀತೆಂದು ಎಣಿಸಿರಲಿಲ್ಲ. ಕುವೆಂಪು ಬರೆದ ನಾಡಗೀತೆಯನ್ನು ಯಾರ ಧಾಟಿಯಲ್ಲಿ ಹಾಡಬೇಕು, ಅನಂತಸ್ವಾಮಿಯವರದೋ ಅಶ್ವತ್ಥರದೋ ಎಂದು ನಾಡಿನಲ್ಲೆಲ್ಲ ವರ್ಷಗಟ್ಟಲೆ ಚರ್ಚೆಯಾಯಿತು. ಕೊನೆಗೆ 2022ರಲ್ಲಿ ಸರ್ಕಾರ ಆದೇಶ ಹೊರಡಿಸಿತು: ಅನಂತಸ್ವಾಮಿಯವರ ಧಾಟಿ, 2 ನಿಮಿಷ 30 ಸೆಕೆಂಡು. ಅದನ್ನು ಪ್ರಶ್ನಿಸಿ ಹೈಕೋರ್ಟಿಗೆ ಹೋದವರೂ ಇದ್ದರು. ಅರ್ಜಿ ವಜಾ ಆಯಿತು.

ಆದೇಶದ ಸುದ್ದಿ ಬಂದ ಬೆಳಿಗ್ಗೆ ಅಪ್ಪ ಪೇಪರನ್ನು ಎರಡು ಸಲ ಓದಿ ಮಾವನಿಗೆ ಫೋನು ಹಚ್ಚಿದರು. “ಸರ್ಕಾರಕ್ಕೂ ಕಿವಿ ಇದೆ ಮಾರಾಯ.” ಆ ಕಡೆಯಿಂದ ಏನು ಉತ್ತರ ಬಂತೋ, ಅಪ್ಪ ಫೋನು ಕೆಳಗಿಟ್ಟು ಮತ್ತೆ ಪೇಪರು ಹಿಡಿದರು. ಈ ಸಲ ಅವರ ಕಣ್ಣು ಎರಡೂವರೆ ನಿಮಿಷದ ಮೇಲೆ ನಿಂತಿತು.

“ಎರಡೂವರೆ ನಿಮಿಷಕ್ಕೆ ಮುಗಿಸ್ತಾರಂತೆ! ಯಾವ ರೈಲು ಹಿಡಿಯಬೇಕಂತೆ ಇವರಿಗೆ?”

ನಾನು ಮೊಬೈಲಿನಲ್ಲಿ ಅನಂತಸ್ವಾಮಿಯವರ ಹಾಡೊಂದನ್ನು ಹಾಕಿದೆ. ಒಂದಿಷ್ಟೂ ಕಸರಿಲ್ಲದ, ತೊಳೆದಿಟ್ಟಂಥ ದನಿ. ಅಪ್ಪ ಅರ್ಧ ನಿಮಿಷ ಕೇಳಿ, “ಇವರಲ್ಲ” ಎಂದರು. ವೇಗ ತಗ್ಗಿಸಿದೆ. ಈಗಿನ ಯಂತ್ರ ಜಾಣ. ಹಾಡು ನಿಧಾನವಾಯಿತು, ಆದರೆ ದನಿ ಮಂದ್ರಕ್ಕೆ ಇಳಿಯಲಿಲ್ಲ. ಅಪ್ಪ ತಲೆಯಾಡಿಸಿ, “ಯಾರೋ ಅವರ ಹಾಗೆ ಹಾಡೋಕೆ ನೋಡಿದಾನೆ, ಪಾಪ” ಎಂದು ಕನ್ನಡಕ ತೆಗೆದಿಟ್ಟರು.

ಒಳಗಿನಿಂದ ಅಮ್ಮ ಕೇಳಿದಳು, “ಶೆಲ್ಲು ಬಿಸಿಲಿಗೆ ಇಡಬೇಕಿತ್ತಾ?”