ಸಾವಕಾಶವಾಗಿ ಸಾಯುವವರು

ಓಪೆರಾದಲ್ಲಿ ಸಾಯಬೇಕಾದರೆ ಶ್ವಾಸಕೋಶ ಗಟ್ಟಿಯಿರಬೇಕು. ಕ್ಷಯರೋಗದಿಂದ ಸಾಯುವವರದ್ದಂತೂ ಇನ್ನೂ ಗಟ್ಟಿಯಿರಬೇಕು. ವರ್ಡಿಯ ‘ಲಾ ಟ್ರಾವಿಯಾಟಾ’ದಲ್ಲಿ ವಯೊಲೆಟ್ಟಾ ಎಂಬಾಕೆ ಕೊನೆಯ ಅಂಕವಿಡೀ ಕೆಮ್ಮುತ್ತ ಮಲಗಿರಬೇಕಾದವಳು, ಹಾಡುತ್ತಾಳೆ. ಇನ್ನು ಕೆಲವೇ ಗಂಟೆ ಎಂದು ಡಾಕ್ಟರು ಸೇವಕಿಯ ಕಿವಿಯಲ್ಲಿ ಉಸುರಿ ಹೋದಮೇಲೂ ಹಾಡುತ್ತಾಳೆ. ಪ್ರಿಯಕರ ಓಡಿ ಬಂದ, ಅವನ ಜೊತೆ ಒಂದು ಯುಗಳಗೀತೆ. ಅವನ ಅಪ್ಪನೂ ಬಂದ, ಸರಿ, ಎಲ್ಲರೂ ಸೇರಿ ಮತ್ತೊಂದು. ಕಡೆಗೆ ನೋವೆಲ್ಲ ಹೋಯಿತು, ಬದುಕಿಬಿಡುತ್ತೇನೆ ಅನ್ನುತ್ತ ಎದ್ದು ನಿಂತು, ತಾರಸ್ಥಾಯಿ ಮುಟ್ಟಿ, ಧೊಪ್ಪನೆ ಬೀಳುತ್ತಾಳೆ. ‘ರಿಗೊಲೆಟ್ಟೊ’ದ ಜಿಲ್ಡಾಳ ಸಾಧನೆ ಇನ್ನೂ ದೊಡ್ಡದು. ಚೂರಿಯಿಂದ ತಿವಿಸಿಕೊಂಡು, ಗೋಣಿಚೀಲದೊಳಗೆ ಕಟ್ಟಿಸಿಕೊಂಡು, ಅಪ್ಪ ಚೀಲ ಬಿಚ್ಚಿದಾಗ ಅವನಿಗೇ ಸಮಾಧಾನ ಹೇಳುವಷ್ಟು ಹಾಡಿ ಆಮೇಲೆ ಪ್ರಾಣ ಬಿಡುತ್ತಾಳೆ.

“ಇಷ್ಟು ಹಾಡೋ ಹೊತ್ತಿಗೆ ಆಸ್ಪತ್ರೆಗೆ ಕರ್ಕೊಂಡು ಹೋಗಬಹುದಿತ್ತಲ್ರೀ” ಅಂದಳು ನನ್ನ ಹೆಂಡತಿ, ವಯೊಲೆಟ್ಟಾಳನ್ನು ನೋಡಿ. ಅಂದದ್ದು ಎಲ್ಲಿ ಅಂತೀರಿ, ಸಾಕ್ಷಾತ್ ವಿಯೆನ್ನಾದಲ್ಲಿ, ಅಲ್ಲಿನ ಸ್ಟೇಟ್ ಓಪೆರಾದ ಪಕ್ಕದ ಚೌಕದಲ್ಲಿ. ಮಗನಿಗೆ ಆ ಊರಿನಲ್ಲಿ ಕೆಲಸ. ನಮಗೆ ಅಲ್ಲಿ ಕೆಲಸವೇ ಇಲ್ಲ. ವಸಂತಕಾಲದಲ್ಲಿ ಕೆಲವು ಸಂಜೆ ಒಳಗೆ ನಡೆಯುವ ಓಪೆರಾವನ್ನು ಹೊರಗೋಡೆಯ ದೊಡ್ಡ ಪರದೆಯ ಮೇಲೆ ಆಗಿಂದಾಗಲೇ ತೋರಿಸುತ್ತಾರೆ. ಕುರ್ಚಿ ಹಾಕಿರುತ್ತಾರೆ, ದುಡ್ಡು ಕೇಳುವುದಿಲ್ಲ. ಪುಕ್ಕಟೆ ಸಿಕ್ಕ ಸಂಸ್ಕೃತಿಯನ್ನು ಬೇಡ ಅನ್ನಬಾರದು ಎಂದು ಇಬ್ಬರೂ ಸ್ವೆಟರ್ ಹಾಕಿಕೊಂಡು ಹೋಗಿ ಕೂತಿದ್ದೆವು. ಅಂಗಡಿ ಮುಗಿಸಿಕೊಂಡು ಬಂದವರು ಕೈಚೀಲ ಕಾಲ ಸಂದಿಗೆ ಇಟ್ಟುಕೊಂಡು ಕಣ್ಣೊರೆಸಿಕೊಳ್ಳುತ್ತಿದ್ದರು. ಇವಳ ಮಾತಿಗೆ ಕನ್ನಡ ಬಾರದ ಪಕ್ಕದ ಹೆಂಗಸೂ ತಲೆಯಾಡಿಸಿದಳು.

ಈ ಆಕ್ಷೇಪಣೆ ಇವಳೊಬ್ಬಳದ್ದೇ ಅಲ್ಲ. 1853ರ ಮಾರ್ಚ್ 6ರಂದು ವೆನಿಸ್ಸಿನ ಲಾ ಫೆನಿಚೆ ರಂಗಮಂದಿರದಲ್ಲಿ ‘ಟ್ರಾವಿಯಾಟಾ’ ಮೊದಲ ಸಲ ರಂಗವೇರಿದಾಗ ವಯೊಲೆಟ್ಟಾ ಪಾತ್ರ ವಹಿಸಿದ್ದಾಕೆ ಫ್ಯಾನಿ ಸಾಲ್ವಿನಿ-ಡೊನಾಟೆಲ್ಲಿ. ಕಂಠವೇನೋ ಚೆನ್ನಾಗಿತ್ತು. ಆದರೆ ನಲವತ್ತರ ಹತ್ತಿರದ ವಯಸ್ಸು, ತುಂಬಿಕೊಂಡ ಮೈಕಟ್ಟು. ಕ್ಷಯ ಇವಳನ್ನು ತಿಂದುಹಾಕಿದೆ ಎಂದು ಡಾಕ್ಟರು ಹೇಳಿದ್ದೇ ತಡ, ಸಭೆ ಘೊಳ್ಳೆಂದು ನಕ್ಕಿತಂತೆ. ನಾಟಕ ಬಿದ್ದುಹೋಯಿತೆಂದು ವರ್ಡಿಯೇ ಮರುದಿನ ಕಾಗದ ಬರೆದ. ತಪ್ಪು ತನ್ನದೋ ಹಾಡಿದವರದೋ ಎಂಬುದನ್ನು ಕಾಲಕ್ಕೆ ಬಿಟ್ಟ. ಮರುವರ್ಷ ಅದೇ ವೆನಿಸ್ಸಿನ ಇನ್ನೊಂದು ರಂಗಮಂದಿರದಲ್ಲಿ, ಅಷ್ಟಿಷ್ಟು ತಿದ್ದಿ, ಬೇರೆ ನಟಿಯನ್ನು ಹಾಕಿ ಆಡಿಸಿದರೆ ಊರಿಗೆ ಊರೇ ಅತ್ತಿತು. ಅಂದಿನಿಂದ ಅದು ನಿಂತದ್ದಿಲ್ಲ.

ಸಾವಕಾಶ ಎಂಬುದು ಓಪೆರಾದ ದೋಷವಲ್ಲ, ಅದರ ಕಸುಬೇ ಅದು. ‘ಇಲ್ ಟ್ರೊವಾಟೊರೆ’ಯಲ್ಲಿ ತಾಯಿಯನ್ನು ಸುಡಲು ಚಿತೆ ಸಿದ್ಧವಾಗಿದೆ ಎಂಬ ಸುದ್ದಿ ಬರುತ್ತದೆ. ಮಗ ಮನ್ರಿಕೊ ಕತ್ತಿ ಹಿರಿದು, ಇಗೋ ಬಂದೆ ಎಂದು ನಿಂತಲ್ಲೇ ನಿಂತು ಹಾಡುತ್ತಾನೆ. ಸೈನಿಕರು ಹೊರಡೋಣ, ಹೊರಡೋಣ ಎಂದು ಹಾಡುತ್ತಾರೆ. ಯಾರೂ ಹೊರಡುವುದಿಲ್ಲ. ಏಕೆಂದರೆ ಕೊನೆಯಲ್ಲಿ ಅವನು ತಾರಸ್ಥಾಯಿಯ ಒಂದು ಸ್ವರವನ್ನು ಎತ್ತಿ ಹಿಡಿಯಬೇಕು, ಜನ ಟಿಕೆಟ್ಟು ಕೊಂಡದ್ದು ಅದಕ್ಕೆ. ತಮಾಷೆಯೆಂದರೆ ಆ ಸ್ವರವನ್ನು ವರ್ಡಿ ಬರೆದೇ ಇಲ್ಲ. ಗಾಯಕರು ಸೇರಿಸಿಕೊಂಡರು, ಈಗ ಅದಿಲ್ಲದೆ ಹಾಡಿದವನ ಗತಿ ನೆಟ್ಟಗಿರುವುದಿಲ್ಲ. ಬಾಣ ಬಿಡುವ ಮುಂಚೆ ಅರ್ಧ ಗಂಟೆ ಅರ್ಥ ಹೇಳುವ ವೇಷಗಳನ್ನು ನೋಡುತ್ತ ಮಲೆನಾಡಿನಲ್ಲಿ ಬೆಳೆದ ನನಗೆ ಇದೆಲ್ಲ ವಿಚಿತ್ರ ಅನ್ನಿಸಲೇ ಇಲ್ಲ. ಗಡಿಯಾರ ನೋಡಿಕೊಂಡು ಸಾಯುವ ಪಾತ್ರಗಳ ಮೇಲೆ ನನಗೆ ಮೊದಲಿಂದಲೂ ಅಷ್ಟು ಗೌರವವಿಲ್ಲ.

ಕಂಪನಿ ನಾಟಕ ಕಂಡ ಹಿರಿಯರು ಒಂದು ಕತೆ ಹೇಳುತ್ತಿದ್ದರು: ಸತ್ತು ಬಿದ್ದ ರಾಜ ‘ಒನ್ಸ್ ಮೋರ್’ ಕೂಗಿಗೆ ಎದ್ದು ಕೂತು, ಅದೇ ಹಾಡನ್ನು ಇನ್ನೊಮ್ಮೆ ಹಾಡಿ, ಮತ್ತೆ ಸಾಯುತ್ತಿದ್ದನಂತೆ. ಈ ರೋಗ ವಿಯೆನ್ನಾಕ್ಕೂ ಇತ್ತು. 1786ರಲ್ಲಿ ಮೊಜಾರ್ಟನ ‘ಫಿಗರೊ ಮದುವೆ’ ನಡೆಯುವಾಗ ಜನ ಹಾಡು ಹಾಡಿಗೂ ಒನ್ಸ್ ಮೋರ್ ಕೇಳಿ, ಮೊದಲೇ ದೊಡ್ಡದಾದ ಓಪೆರಾ ಮುಗಿಯದಂತೆ ಮಾಡಿದರು. ಚಕ್ರವರ್ತಿ ಎರಡನೆಯ ಜೋಸೆಫ್ ಬೇಸತ್ತು, ಒಬ್ಬರು ಹಾಡುವ ಹಾಡಾದರೆ ಸರಿ, ಒಬ್ಬರಿಗಿಂತ ಹೆಚ್ಚು ಜನ ಹಾಡುವುದನ್ನು ಎರಡನೇ ಸಲ ಹಾಡಿಸಕೂಡದು ಎಂದು ಅಪ್ಪಣೆ ಹೊರಡಿಸಿದ. ಅಷ್ಟು ವಿವರವಾಗಿ ಯೋಚಿಸಿ ಅಪ್ಪಣೆ ಕೊಡುವ ದೊರೆಗಳು ಅಪರೂಪ. ಅದೇ ಊರಿನ ಜನ 1991ರಲ್ಲಿ ಪ್ಲಾಸಿಡೊ ಡೊಮಿಂಗೊ ‘ಒಟೆಲ್ಲೊ’ ಹಾಡಿ ಮುಗಿಸಿದ ಮೇಲೆ 80 ನಿಮಿಷ ಚಪ್ಪಾಳೆ ತಟ್ಟಿದರು. ಒಟೆಲ್ಲೊ ಸತ್ತವನು 101 ಸಲ ಪರದೆಯ ಮುಂದೆ ಬಂದು ನಮಸ್ಕಾರ ಹಾಕಿದ.

ಪ್ರೀತಿ ಇದ್ದಲ್ಲಿ ಬೈಗುಳವೂ ಇರಬೇಕಲ್ಲ. ಅದರಲ್ಲಿ ಮಿಲಾನಿನ ಲಾ ಸ್ಕಾಲಾದ ಅಟ್ಟದ ಮೇಲಿನ ಗಿರಾಕಿಗಳದ್ದು ಎತ್ತಿದ ಕೈ. 2006ರ ಡಿಸೆಂಬರಿನಲ್ಲಿ ‘ಐಡಾ’ದ ನಾಯಕನಾಗಿದ್ದ ರೊಬೆರ್ಟೊ ಅಲಾನ್ಯಾ ಮೊದಲ ಹಾಡು ಮುಗಿಸಿದ್ದಕ್ಕೆ ಅಟ್ಟದವರು ‘ಬೂ’ ಎಂದರು. ಆತ ಕೈಯೆತ್ತಿ ನಮಸ್ಕರಿಸಿ ರಂಗದಿಂದ ಹೊರಟೇಹೋದ. ವಾದ್ಯದವರು ನಿಲ್ಲಿಸಲಿಲ್ಲ. ಬದಲಿ ಗಾಯಕ ಅಂತೊನೆಲ್ಲೊ ಪಾಲೊಂಬಿಯನ್ನು ಉಟ್ಟ ಬಟ್ಟೆಯಲ್ಲೇ ಒಳಗೆ ತಳ್ಳಿದರು. ಫ್ರಾಂಕೊ ಜೆಫಿರೆಲ್ಲಿ ಹೊನ್ನು ಸುರಿದು ಕಟ್ಟಿದ್ದ ಈಜಿಪ್ಟಿನ ನಡುವೆ, ಕಪ್ಪು ಪ್ಯಾಂಟಿನ ಒಬ್ಬ ಸೇನಾಪತಿ ಪ್ರೇಮ ನಿವೇದಿಸಿದ.

ಕತೆ ಹಿಡಿಸಿತು, ಜಗಳ ಹಿಡಿಸಿತು. ಹಿಡಿಸದೆ ಉಳಿದದ್ದು ಕಂಠ. ನಮ್ಮದು ಸ್ವರ ಸ್ವಲ್ಪ ಅಲ್ಲಾಡಿದರೂ ಶ್ರುತಿ ಹೋಯಿತು ಎಂದು ಮುಖ ಸಿಂಡರಿಸುವ ಕಿವಿ. ಇವರದ್ದು ನಿಂತ ಸ್ವರವೂ ನಡುಗುವ ಗಾಯನ. ಗಮಕವೂ ನಡುಕವೇ ಅಲ್ಲವೇ ಅಂದ ಮಗ. ಗಮಕಕ್ಕೆ ಹೋಗುವ ಊರು ಗೊತ್ತಿರುತ್ತದೆ ಅಂದೆ ನಾನು. ಅವನು ಅಷ್ಟಕ್ಕೆ ಬಿಡಲಿಲ್ಲ. “ಅಪ್ಪ, ಹೊರಗೆ ಕೂತು ಲೌಡ್‌ಸ್ಪೀಕರ್ ಕೇಳಿ ಜಡ್ಜ್‌ಮೆಂಟ್ ಕೊಡಬೇಡ. ಒಳಗೆ ಮೈಕೇ ಇಲ್ಲ” ಅಂದು, ನಿಂತು ನೋಡುವ ಅಗ್ಗದ ಟಿಕೆಟ್ಟು ತಂದುಕೊಟ್ಟ.

ವಿಯೆನ್ನಾದ ನಿಲ್ಲುವ ಜಾಗಕ್ಕೆ ಅದರದೇ ಕಾನೂನಿದೆ. ಒಳಗೆ ಹೋದವರು ಮುಂದಿನ ಕಟಕಟೆಗೆ ತಮ್ಮ ಮಫ್ಲರನ್ನು ಗಂಟು ಹಾಕಿ ಕಾಫಿಗೆ ಹೋಗುತ್ತಾರೆ. ಗಂಟು ಹಾಕಿದ ಜಾಗ ಅವರದ್ದು, ಬೇರೆಯವರು ಮುಟ್ಟುವುದಿಲ್ಲ. ಕಿಟಕಿಯಿಂದ ಟವೆಲ್ ಎಸೆದು ಬಸ್ಸಿನ ಸೀಟು ಹಿಡಿಯುತ್ತಿದ್ದ ನಮಗೆ ಇದನ್ನು ಹೊಸದಾಗಿ ಕಲಿಸಬೇಕಿರಲಿಲ್ಲ. ಇವಳ ಶಾಲನ್ನೇ ಕಟ್ಟಿದೆ. ಮುಂದೆ ಒಂದು ಪುಟ್ಟ ಪರದೆಯಲ್ಲಿ ಮಾತಿನ ಅನುವಾದ ಬರುತ್ತದೆ. ಜಪಾನಿ ಭಾಷೆಯಲ್ಲೂ ಬರುತ್ತದೆ, ಕನ್ನಡದಲ್ಲಿ ಇಲ್ಲ.

ಅವತ್ತು ಪುಚ್ಚೀನಿಯ ‘ಟೋಸ್ಕಾ’. ಅಲ್ಲಿ 1958ರಲ್ಲಿ ಕಟ್ಟಿದ ರಂಗಸಜ್ಜಿಕೆಯಲ್ಲೇ ಅದನ್ನು ಇವತ್ತಿಗೂ ಆಡುತ್ತಾರೆ. ಮೊದಲ ಅಂಕದ ಕೊನೆಗೆ ಚರ್ಚು, ಗಂಟೆ, ಫಿರಂಗಿ, ನೂರಾರು ಜನರ ಮೇಳ, ಇಷ್ಟೆಲ್ಲದರ ನಡುವೆಯೂ ಖಳನಾಯಕ ಸ್ಕಾರ್ಪಿಯಾನ ದನಿ ನಾನು ನಿಂತ ಹಿಂದಿನ ಸಾಲಿಗೆ ಬಂತು, ಮೈಕಿಲ್ಲದೆ. ಇದರಲ್ಲಿ ಪವಾಡವೇನಿಲ್ಲವಂತೆ. ತಾಲೀಮಾದ ಗಂಡುದನಿ ತನ್ನ ಬಲವನ್ನು ಸೆಕೆಂಡಿಗೆ ಸುಮಾರು 3,000 ಕಂಪನಗಳ ಆಸುಪಾಸಿನಲ್ಲಿ ಗುಡ್ಡೆ ಹಾಕುತ್ತದೆ; ವಾದ್ಯಮೇಳದ ಸದ್ದು ಅಷ್ಟೆತ್ತರದಲ್ಲಿ ತೆಳುವಾಗಿರುತ್ತದೆ; ಆ ಸಂದಿಯಲ್ಲಿ ದನಿ ನುಸುಳಿ ಬರುತ್ತದೆ. ವಿಜ್ಞಾನ ಗೊತ್ತಾದ ಮೇಲೂ ನನ್ನ ತೋಳಿನ ರೋಮ ಎದ್ದದ್ದು ಎದ್ದೇ ಇತ್ತು. ಸ್ಪೀಕರಿನಲ್ಲಿ ಬರಿಯ ನಡುಕವಾಗಿದ್ದದ್ದು ಅಲ್ಲಿ ಒಬ್ಬ ಮನುಷ್ಯನ ಪಕ್ಕೆಲುಬಿನಿಂದ ಹೊರಟ ಗಾಳಿಯಾಗಿತ್ತು.

ಎರಡನೆಯ ಅಂಕದಲ್ಲಿ ಟೋಸ್ಕಾ ಸ್ಕಾರ್ಪಿಯಾನ ಊಟದ ಮೇಜಿನ ಚಾಕುವನ್ನೇ ತೆಗೆದು ಅವನಿಗೆ ಇರಿಯುತ್ತಾಳೆ. ಓಪೆರಾದ ಲೆಕ್ಕದಲ್ಲಿ ಅವನು ಬೇಗನೇ ಸಾಯುತ್ತಾನೆ. ಪೊಲೀಸ್ ಅಧಿಕಾರಿ, ವೇಳೆಯ ಬೆಲೆ ಗೊತ್ತು. ಆಮೇಲಿನದ್ದೇ ನನಗೆ ಹೆಚ್ಚು ಇಷ್ಟ. ಅಲ್ಲಿ ಹಾಡಿಲ್ಲ. ಅವಳು ಕೈ ತೊಳೆಯುತ್ತಾಳೆ, ಕೂದಲು ಸರಿಮಾಡಿಕೊಳ್ಳುತ್ತಾಳೆ, ರಹದಾರಿ ಪತ್ರ ಹುಡುಕುತ್ತಾಳೆ. ಅದು ಹೆಣದ ಮುಷ್ಟಿಯಲ್ಲಿದೆ, ಬೆರಳು ಬಿಡಿಸಿ ಎಳೆದುಕೊಳ್ಳುತ್ತಾಳೆ. ಹೊರಟವಳು ತಿರುಗಿ ಬಂದು, ಎರಡು ಮೇಣದಬತ್ತಿ ತಂದು ಅವನ ತಲೆಯ ಎರಡೂ ಬದಿಗೆ ಇಡುತ್ತಾಳೆ, ಗೋಡೆಯ ಶಿಲುಬೆ ತೆಗೆದು ಎದೆಯ ಮೇಲೆ ಇಡುತ್ತಾಳೆ. ಕೊಂದವಳೇ ಸಂಸ್ಕಾರವನ್ನೂ ಮುಗಿಸುತ್ತಾಳೆ. ಇವಳು ನನ್ನ ತೋಳು ಹಿಡಿದು, “ಒಳ್ಳೇ ಮನೆತನದವಳು ಕಣ್ರೀ” ಅಂದಳು.

ಮೂರನೆಯ ಅಂಕಕ್ಕಾಗಿ ಪುಚ್ಚೀನಿ ರೋಮಿಗೆ ಹೋಗಿ, ನಸುಕಿನಲ್ಲಿ ಸಾಂತ್ ಆಂಜೆಲೊ ಕೋಟೆಯ ಮೇಲಿಂದ ಸುತ್ತಲಿನ ಚರ್ಚುಗಳ ಗಂಟೆ ಕೇಳಿ ಬರೆದುಕೊಂಡಿದ್ದ. ಅದೇ ಕೋಟೆಯಿಂದ ಟೋಸ್ಕಾ ಹಾರಿ ಸಾಯುತ್ತಾಳೆ. ಕೆಳಗೆ ಹಾಸಿಗೆ ಹಾಕಿರುತ್ತಾರೆ. ಒಮ್ಮೆ ಹಾಸಿಗೆಯ ಬದಲು ಪುಟಿಯುವ ಟ್ರಾಂಪೊಲಿನ್ ಇಟ್ಟಿದ್ದರಂತೆ, ಸತ್ತ ಟೋಸ್ಕಾ ಗೋಡೆಯ ಮೇಲೆ ಮತ್ತೆ ಮತ್ತೆ ಕಾಣಿಸಿಕೊಂಡಳಂತೆ. ಇನ್ನೊಮ್ಮೆ ಸೈನಿಕರ ವೇಷಕ್ಕೆ ಬಂದ ಹೊಸಬರಿಗೆ, ಮುಖ್ಯ ಪಾತ್ರಗಳ ಹಿಂದೆಯೇ ನಿರ್ಗಮಿಸಿ ಎಂದಿದ್ದರಂತೆ. ಅವರೂ ಒಬ್ಬೊಬ್ಬರಾಗಿ ಕೋಟೆಯಿಂದ ಹಾರಿದರಂತೆ. ಓಪೆರಾ ಮಂದಿ ಇಂಥ ಕತೆಗಳನ್ನು ಆಣೆ ಮಾಡಿ ಹೇಳುತ್ತಾರೆ. ನಂಬುವುದು ಬಿಡುವುದು ಅವರವರ ಭಕ್ತಿ.

ಆದರೂ ನನ್ನಲ್ಲಿ ಮೊದಲ ಮಣೆ ‘ರಿಗೊಲೆಟ್ಟೊ’ಗೇ. ಅದಕ್ಕೆ ಕಾರಣ ಮೂರನೆಯ ಅಂಕದ ನಾಲ್ವರ ಹಾಡು. ನದಿ ದಂಡೆಯ ಒಂದು ಮುರುಕು ಹೋಟೆಲು. ಒಳಗೆ ಲಂಪಟ ಡ್ಯೂಕ್ ಹೋಟೆಲಿನ ಹುಡುಗಿಯನ್ನು ಪುಸಲಾಯಿಸುತ್ತಿದ್ದಾನೆ. ಅವಳು ನಗುತ್ತಿದ್ದಾಳೆ, ಇಂಥವರನ್ನು ಬಹಳ ಕಂಡಿದ್ದಾಳೆ. ಗೋಡೆಯ ಬಿರುಕಿನಿಂದ ಇದನ್ನು ನೋಡುತ್ತ ಹೊರಗೆ ಜಿಲ್ಡಾ ಒಡೆದುಹೋಗುತ್ತಿದ್ದಾಳೆ. ಪಕ್ಕದಲ್ಲಿ ಗೂನುಬೆನ್ನಿನ ಅಪ್ಪ ಹಲ್ಲು ಕಡಿಯುತ್ತಿದ್ದಾನೆ. ನಾಲ್ಕೂ ಜನ ಏಕಕಾಲಕ್ಕೆ, ಬೇರೆ ಬೇರೆ ಮಾತಿನಲ್ಲಿ, ಬೇರೆ ಬೇರೆ ರಾಗದಲ್ಲಿ ಹಾಡುತ್ತಾರೆ. ಹುಡುಗಿಯದ್ದು ಚಿಕ್ಕ ಚಿಕ್ಕ ಸ್ವರಗಳ ಕುಲುಕು, ಜಿಲ್ಡಾಳದ್ದು ಬಿಕ್ಕಿ ಬಿಕ್ಕಿ ಇಳಿಯುವ ಎಳೆ, ಡ್ಯೂಕನದ್ದು ಉದ್ದನೆಯ ಬೆಣ್ಣೆಯ ಮಾತು. ಒಂದು ಇನ್ನೊಂದನ್ನು ಅಳಿಸುವುದಿಲ್ಲ. ನಮ್ಮ ಸಂಗೀತದಲ್ಲಿ ಒಂದೇ ರಾಗದ ಆಳಕ್ಕೆ ಇಳಿಯುವುದನ್ನು ಕಂಡ ನನಗೆ, ನಾಲ್ಕು ಮನಸ್ಸುಗಳನ್ನು ಅಕ್ಕಪಕ್ಕ ಇಟ್ಟು ತೋರಿಸುವ ಈ ವಿದ್ಯೆ ಹೊಸದು.

ಇದರ ಮೂಲ ವಿಕ್ಟರ್ ಹ್ಯೂಗೊನ ನಾಟಕ. ಅದು 1832ರಲ್ಲಿ ಪ್ಯಾರಿಸಿನಲ್ಲಿ ಒಂದೇ ಪ್ರಯೋಗಕ್ಕೆ ನಿಷೇಧವಾಗಿತ್ತು. ತನ್ನ ನಾಟಕ ಮೂಲೆ ಸೇರಿ ಅದರ ಹಾಡಿನ ಅವತಾರ ಲೋಕವೆಲ್ಲ ಮೆರೆಯುವುದನ್ನು ಕಂಡು ಹ್ಯೂಗೊ ಕೋರ್ಟಿಗೂ ಹೋದ, ಸೋತ. ಆಮೇಲೆ ಈ ನಾಲ್ವರ ಹಾಡು ಕೇಳಿ, ನನ್ನ ನಾಟಕದಲ್ಲೂ ನಾಲ್ವರನ್ನು ಒಟ್ಟಿಗೆ ಮಾತಾಡಿಸಿ ಜನಕ್ಕೆ ಅರ್ಥ ಮಾಡಿಸುವಂತಿದ್ದರೆ ಎಂದು ಕರುಬಿದನಂತೆ. ನಾಟಕಕಾರನ ಆ ಹೊಟ್ಟೆಕಿಚ್ಚಿಗಿಂತ ದೊಡ್ಡ ವಿಮರ್ಶೆ ಓಪೆರಾಕ್ಕೆ ಬೇಕಿಲ್ಲ.

ಎಲ್ಲವನ್ನೂ ಒಪ್ಪಿಕೊಂಡೆನೆಂದಲ್ಲ. ‘ಮದಾಮ ಬಟರ್‌ಫ್ಲೈ’ಯಲ್ಲಿ ಕೈಕೊಟ್ಟು ಹೋದ ಆ ಪಿಂಕರ್ಟನ್ ಮೂರು ವರ್ಷ ಬಿಟ್ಟು ಬಂದು ಸೊಗಸಾದ ಒಂದು ವಿದಾಯ ಹಾಡಿ ಜಾರಿಕೊಳ್ಳುತ್ತಾನೆ. 1904ರ ಮೊದಲ ಪ್ರಯೋಗ ಬಿದ್ದಮೇಲೆ ತಿದ್ದುವಾಗ ಪುಚ್ಚೀನಿ ಅದನ್ನು ಸೇರಿಸಿದ. ಅಂಥವನಿಗೆ ಅಷ್ಟು ಒಳ್ಳೆಯ ರಾಗ ಕೊಟ್ಟದ್ದನ್ನು ನಮ್ಮ ಮನೆಯಲ್ಲಿ ಯಾರೂ ಕ್ಷಮಿಸಿಲ್ಲ.

ಇವಳಿಗೆ ಅನುವಾದದ ಹಂಗಿಲ್ಲದೆ ಅರ್ಥವಾದ ಓಪೆರಾ ಒಂದುಂಟು. ಫಿಲಿಪ್ ಗ್ಲಾಸ್ ಎಂಬ ಅಮೆರಿಕದವರು 1980ರಲ್ಲಿ ರಂಗಕ್ಕೆ ತಂದ ‘ಸತ್ಯಾಗ್ರಹ’; ದಕ್ಷಿಣ ಆಫ್ರಿಕದ ಗಾಂಧಿಯ ಕತೆ, ಹಾಡುವುದು ಪೂರಾ ಸಂಸ್ಕೃತದಲ್ಲಿ, ಭಗವದ್ಗೀತೆಯ ಶ್ಲೋಕಗಳನ್ನು. ಮಗ ಮನೆಯಲ್ಲಿ ಅದರ ರೆಕಾರ್ಡಿಂಗ್ ಹಾಕಿದ. ಗೀತೆ ಬಾಯಿಪಾಠ ಇರುವ ಇವಳು ಸೋಫಾದಲ್ಲಿ ಕಾಲು ಮಡಿಸಿ ಕೂತು ಮುಂದೆ ಮುಂದೆ ಹೇಳತೊಡಗಿದಳು. ಗ್ಲಾಸ್ ಅವರದ್ದು ಒಂದೇ ಸಾಲನ್ನು ತಿರುತಿರುಗಿ ಹಾಡಿಸುವ ಪದ್ಧತಿ. ಇವಳು ಅಧ್ಯಾಯ ಮುಗಿಸಿ ಎದ್ದು ಹೋಗಿ ಕುಕ್ಕರ್ ಇಟ್ಟು ಬಂದರೂ ಗಾಂಧಿ ಅಲ್ಲೇ ಇದ್ದರು.

ಈಗ ಮಗನ ಕಣ್ಣು ವಾಗ್ನರನ ‘ರಿಂಗ್’ ಮೇಲೆ. ನಾಲ್ಕು ಸಂಜೆ, ಒಟ್ಟು ಹದಿನೈದು ಗಂಟೆಯ ಸಂಗೀತ. ಬರೆದು ಮುಗಿಸಲು ವಾಗ್ನರನಿಗೆ 26 ವರ್ಷ ಹಿಡಿಯಿತು. ಅದನ್ನೂ ನಿಂತೇ ಕೇಳಬಹುದು ಎಂದು ಮಗ ಉತ್ಸಾಹದಿಂದ ಹೇಳಿದ. ಇವಳು ಮೊದಲ ಸಂಜೆಯದ್ದರ ವಿವರ ಕೇಳಿದಳು. ಎರಡೂವರೆ ಗಂಟೆ, ನಡುವೆ ವಿರಾಮವಿಲ್ಲ ಅಂದ. “ಇಂಟರ್ವಲ್ ಇಲ್ವಾ? ಹಾಗಾದರೆ ನಿಮ್ಮಪ್ಪನ್ನ ಕರ್ಕೊಂಡು ಹೋಗು. ಶಾಲು ಬೇಕಾದರೆ ಕೊಡ್ತೀನಿ” ಅಂದಳು.