ಹೊಳೆ ಇಲ್ಲದಾಗ ದಾಟಿಸುವ ಸೇತುವೆ

ಹೊಳೆ ಬಂದಾಗ ದಾಟಲಿಕ್ಕೆ ಸೇತುವೆ ಕಟ್ಟುತ್ತಾರೆ ಅಂತ ನಂಬಿದವರು ಅಫಜಲಪುರ ತಾಲ್ಲೂಕು ನೋಡಿಲ್ಲ. ಇಲ್ಲಿ ಹೊಳೆ ಬಂದರೆ ಸೇತುವೆ ಬಂದ್. ಹೊಳೆ ಬತ್ತಿದಾಗ ಹಗಲೂ ರಾತ್ರಿ ಖುಲ್ಲಾ. ಆಗ ಎಮ್ಮೆಗಳೂ ಅದರ ಹಂಗಿಲ್ಲದೆ ಮರಳಿನಲ್ಲೇ ದಾಟುತ್ತವೆ.

ಘತ್ತರಗಿಯಲ್ಲೊಂದು, ದೇವಲ ಗಾಣಗಾಪುರದಲ್ಲೊಂದು. ಭೀಮೆಯ ಮೇಲಿನ ಇವೆರಡಕ್ಕೂ ಸರ್ಕಾರಿ ಹೆಸರು ‘ಬ್ರಿಡ್ಜ್ ಕಂ ಬ್ಯಾರೇಜ್’. ಒಂದೇ ದುಡ್ಡಿನಲ್ಲಿ ಎರಡು ಕೆಲಸ. ನೀರು ನಿಲ್ಲಿಸಲು ಎಷ್ಟು ಎತ್ತರ ಸಾಕೋ ಅಷ್ಟಕ್ಕೆ ಕಂಬ ಎಬ್ಬಿಸಿದರು, ಅದರ ಮೇಲೇ ರಸ್ತೆ ಹಾಸಿದರು. ಮಹಾಪೂರದ ಎತ್ತರ ಲೆಕ್ಕ ಹಾಕುವುದು ಯಾರ ಕೆಲಸ? ಬಹುಶಃ ಮಹಾರಾಷ್ಟ್ರದ್ದು.

ಯಾಕೆಂದರೆ ಪ್ರತಿ ಸಲ ಉತ್ತರ ಅದೇ. ಅಲ್ಲಿನ ಉಜನಿಯಿಂದ ‘ಏಕಾಏಕಿ’ ನೀರು ಬಿಟ್ಟರಂತೆ. ಉಜನಿ ಜಲಾಶಯ ಕಟ್ಟಿ ನಲವತ್ತು ವರ್ಷ ದಾಟಿತು. ಅದು ತುಂಬುತ್ತದೆ, ಬಿಡುತ್ತಾರೆ, ಸೊನ್ನ ಬ್ಯಾರೇಜಿನ ಗೇಟು ಎತ್ತುತ್ತಾರೆ, ಘತ್ತರಗಿ ಮುಳುಗುತ್ತದೆ, ಗಾಣಗಾಪುರ ಮುಳುಗುತ್ತದೆ. ಸಂಗಮದಲ್ಲಿ ಆಳಂದದ ಅಮರ್ಜಾ ಬೇರೆ ತನ್ನ ಪಾಲು ತಂದು ಸುರಿಯುತ್ತಾಳೆ. ಊರಿನ ಹುಡುಗರಿಗೆಲ್ಲ ಬಾಯಿಪಾಠವಾದ ಈ ಸಾಲು ಇಲಾಖೆಗೆ ಮಾತ್ರ ಏಕಾಏಕಿ.

2020ರ ಅಕ್ಟೋಬರಿನಲ್ಲೂ ಎರಡೂ ಸೇತುವೆ ಮುಳುಗಿದವು. ಮುಖ್ಯಮಂತ್ರಿ ಯಡಿಯೂರಪ್ಪ ಬಂದರು. ವೈಮಾನಿಕ ಸಮೀಕ್ಷೆ. ಹೆಲಿಕಾಪ್ಟರಿನಲ್ಲಿ ಬಂದವರಿಗೆ ಸೇತುವೆಯ ಎತ್ತರ ಏನು ಮಹಾ!

ಇನ್ನು ಬ್ಯಾರೇಜ್. ಅದಾದರೂ ನೀರು ಹಿಡಿಯಬೇಕಲ್ಲ? ಬಚಾವತ್ ನ್ಯಾಯಮಂಡಳಿ 1976ರಲ್ಲೇ ಭೀಮೆಯಲ್ಲಿ ನಮಗೆ 15 ಟಿಎಂಸಿ ಎಂದು ಬರೆದಿಟ್ಟಿದೆ. ಬೇಸಿಗೆ ಬಂದರೆ ಬ್ಯಾರೇಜಿನ ಹಿಂದೆ ಕಾಣುವುದು ಕಲ್ಲು. ಉಜನಿ ನೀರು ಬಿಡಿಸಿ ಅಂತ ಅಫಜಲಪುರದಲ್ಲಿ ಧರಣಿ. ತಹಶೀಲ್ದಾರರು ಮನವಿಪತ್ರ ತಗೊಳ್ಳುತ್ತಾರೆ. ಮಳೆಗಾಲದಲ್ಲಿ ಅದೇ ಕಚೇರಿಯಿಂದ ಡಂಗುರ: ಹೊಳೆ ಕಡೆ ಹೋಗಬೇಡಿ. ಒಂದೇ ಹೊಳೆ, ಒಂದೇ ಕಚೇರಿ. ಬದಲಾಗುವುದು ಕಾಗದ ಮಾತ್ರ.

ನಮ್ಮ ಭಾಗ ಅನಾಥವೇನಲ್ಲ. ಜೇವರ್ಗಿಯ ಧರ್ಮಸಿಂಗ್ ಮುಖ್ಯಮಂತ್ರಿಯಾದರು. ಸಂವಿಧಾನದ 371(ಜೆ) ವಿಶೇಷ ಸ್ಥಾನಮಾನ ಬಂತು. 2019ರಲ್ಲಿ ಹೈದರಾಬಾದ್ ಕರ್ನಾಟಕ ಹೋಗಿ ಕಲ್ಯಾಣ ಕರ್ನಾಟಕವಾಯಿತು. ಕಲ್ಯಾಣಕ್ಕೆ ಅಭಿವೃದ್ಧಿ ಮಂಡಳಿ, ಮಂಡಳಿಗೆ ವರ್ಷಕ್ಕೆ 5,000 ಕೋಟಿ ರೂಪಾಯಿಯ ಘೋಷಣೆ. ಹೆಸರು ಎತ್ತರಿಸಲು ಸಿಮೆಂಟು ಬೇಕಾಗಲಿಲ್ಲ, ಹಾಗಾಗಿ ಬೇಗ ಮುಗಿಯಿತು.

ಗಾಣಗಾಪುರದ ಗುಡಿಗೆ ಹುಣ್ಣಿಮೆಗೆ, ಘತ್ತರಗಿಯ ಭಾಗ್ಯವಂತಿ ದೇವಿಗೆ ಅಮಾವಾಸ್ಯೆಗೆ ಜನವೋ ಜನ. ಹುಂಡಿ ಎಣಿಸಲು ಅಧಿಕಾರಿಗಳು ತಪ್ಪದೆ ಬರುತ್ತಾರೆ. ಸೇತುವೆ ಮುಳುಗಿದ ದಿನ ಬರುವವರು ಇಬ್ಬರು ಪೊಲೀಸರು, ಜೊತೆಗೆ ಒಂದು ಬ್ಯಾರಿಕೇಡ್.

“ಕಟ್ಟಿಸಂಗಾವಿ ಸೇತುವೆ ಸುತ್ತಿ ಹೋಗ್ರಿ” ಅಂತಾರೆ. ಆಚೆ ದಂಡೆಯ ಹೊಲ ಕಣ್ಣಿಗೆ ಕಾಣುತ್ತಿರುತ್ತದೆ. ತೊಗರಿ ನೀರಲ್ಲಿ ನಿಂತಿರುತ್ತದೆ. ರೈತ ತಾಲ್ಲೂಕು ದಾಟಿ, ಹೆದ್ದಾರಿ ಹಿಡಿದು, ಡೀಸೆಲ್ ಸುಟ್ಟು ಅಲ್ಲಿಗೆ ಮುಟ್ಟಬೇಕು.

ನೀರು ಇಳಿದ ಮೇಲೆ ಎಂಜಿನಿಯರ್ ಬರುತ್ತಾರೆ. ಕಂಬಗಳಿಗೆ ಸಿಕ್ಕ ಜಾಲಿಕಂಟಿ ತೆಗೆಸುತ್ತಾರೆ. ಕಿತ್ತುಹೋದ ತಡೆಕಂಬಿ ಅಳೆಯುತ್ತಾರೆ, ಅಂದಾಜು ಬರೆಯುತ್ತಾರೆ. ಮೊದಲಿದ್ದಷ್ಟೇ ಎತ್ತರಕ್ಕೆ.